ಸವಾಲು, ಜವಾಬು, ತಕರಾರು

"ದಿನಾ ಮಗ್ರಿಬ್ ನಮಾಜ್ ಆದ ಮ್ಯಾಲ ತಕರಾರ್ ಇರ್ತಿತ್ತು ನಮ್ಮಲ್ಲಿ" ಅಂದ ಗೆಳೆಯ. ಯುಗಾದಿಗೆ ಕೊಡೇಕಲ್ಲಿಗೆ ಹೋಗಿದ್ದೆ. ಅವನ ಮನೆಯ ಕಟ್ಟೆ ಮೇಲೆ ಕೂತು ಚಾ ಕುಡಿತಾ ಇದ್ವಿ. ಏಳನೇ ಕ್ಲಾಸಿನ ತನಕ ಇಬ್ಬರೂ ಒಂದೇ ಬೆಂಚು. ಆಮೇಲೆ ನಾನು ಹೈಸ್ಕೂಲು, ಇಂಜಿನಿಯರಿಂಗು ಅಂತ ಹೋದೆ, ಅವನು ಮದರಸಾಕ್ಕೆ ಹೋದ.

"ದಿನಾ ಜಗಳಾನಾ?" ಅಂದೆ ನಾನು.

ಅವನು ನಕ್ಕ. "ಜಗಳ ಅಲ್ಲೋ ಮಾರಾಯ. ಮುಂಜಾನಿ ಉಸ್ತಾದ್ರು ಹೇಳಿದ್ದನ್ನ ಸಂಜಿಗೆ ನಾವ ನಾವ ಕೂತು ತಿರುವಿ ಹಾಕೋದು. ಒಬ್ಬಾಂವ ಉಸ್ತಾದ್ ಆಗ್ತಿದ್ದ, ಉಳಿದವ್ರು ಕೇಳ್ತಿದ್ವಿ. ಅದಕ್ಕ ತಕರಾರ್ ಅಂತಾರ. ಅರಬ್ಬಿಯೊಳಗ ತಕರಾರ್ ಅಂದ್ರ ಮತ್ತ ಮತ್ತ ಮಾಡೋದು, ಅಷ್ಟ."

ನಮ್ಮ ಕನ್ನಡದ 'ತಕರಾರು' ಇದೇ ಶಬ್ದ. ಅಲ್ಲಿ ಪಾಠದ ಪುನರಾವರ್ತನೆ, ಇಲ್ಲಿ ಹೊಲದ ಬದುವಿನ ಜಗಳ. ಇಂಥವು ಇನ್ನೂ ಇವೆ. 'ಸುಆಲ್' ಅಂದ್ರೆ ಅರಬ್ಬಿಯಲ್ಲಿ ಬರೀ ಪ್ರಶ್ನೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು 'ಸವಾಲು' ಆಗಿ ತೊಡೆ ತಟ್ಟೋದಕ್ಕೆ ಶುರು ಮಾಡಿತು. 'ಕಾಯ್ದಾ' ಅಂದ್ರೆ ನಿಯಮ, ವ್ಯಾಕರಣದ ನಿಯಮವೂ ಹೌದು. ನಮ್ಮಲ್ಲಿ ಅದು ಕಾಯಿದೆಯಾಗಿ ಕೋರ್ಟಿಗೆ ಹೋಯಿತು. ಕಲಿಯುವ ಕೋಣೆಯಿಂದ ಹೊರಟ ಶಬ್ದಗಳು ನಮ್ಮ ಹತ್ತಿರ ಬರೋ ಹೊತ್ತಿಗೆ ಜಗಳದ ಶಬ್ದಗಳಾಗಿವೆ. ಇದನ್ನೇ ಹಿಡಿದು ಎರಡು ಮಾತು ಬರೀಬೇಕು ಅನಿಸಿತು. ಯಾಕಂದ್ರೆ ಅರಬ್ಬಿ ವ್ಯಾಕರಣದ ಗುರುಶಿಷ್ಯರ ಬಗ್ಗೆ ನಾವು ಮೆಚ್ಚಿ ಹೇಳುವ ಕಥೆಗಳಲ್ಲೂ ಇದೇ ಆಗಿದೆ ಅಂತ ನನ್ನ ಅನುಮಾನ.

ಅವತ್ತು ಗೆಳೆಯ ಒಳಗಿಂದ ಹಳೇ ಪಠ್ಯವೊಂದನ್ನು ತಂದು ತೋರಿಸಿದ. ಕಲ್ಲಚ್ಚಿನ ಪುಸ್ತಕ. ಪುಟದ ನಡುವೆ ದಪ್ಪ ಅಕ್ಷರದ ನಾಲ್ಕೈದು ಸಾಲು ಮೂಲ. ಸಾಲುಗಳ ಸಂದಿಯಲ್ಲಿ ಸಣ್ಣಕ್ಷರದ ಅರ್ಥ. ಸುತ್ತ ನಾಲ್ಕೂ ಅಂಚಿನಲ್ಲಿ ಓರೆಯಾಗಿ, ಕೆಲವು ಕಡೆ ತಲೆಕೆಳಗಾಗಿ ಟಿಪ್ಪಣಿಗಳು. "ನೀನು ಹೀಗೆ ಕೇಳಿದರೆ, ನಾನು ಹೀಗೆ ಹೇಳುವೆ" ಅನ್ನೋದು ಅಲ್ಲಿ ಪದೇ ಪದೇ ಬರುವ ಧಾಟಿಯಂತೆ. ನನಗಂತೂ ನಮ್ಮ ಕೋಡ್ ರಿವ್ಯೂ ನೆನಪಾಯ್ತು. ನಡುವೆ ಹತ್ತು ಸಾಲು ಕೋಡು, ಪಕ್ಕದಲ್ಲಿ ನಲವತ್ತು ಕಾಮೆಂಟು.

ಅದೇ ಸಂಜೆ ಅವನು ಹೇಳಿದ್ದು ಚೇಳು ಮತ್ತು ಕಣಜದ ಕಥೆ. ಅರಬ್ಬಿ ವ್ಯಾಕರಣ ಓದಿದವರಿಗೆಲ್ಲ ಗೊತ್ತಿರುವ ಕಥೆ ಇದು.

ಎಂಟನೇ ಶತಮಾನದ ಕೊನೆ. ಬಸ್ರಾ ಊರಿನ ಸೀಬವೈಹಿ ಅನ್ನೋ ಯುವ ವಿದ್ವಾಂಸ ಬಗ್ದಾದಿಗೆ ಬಂದ. ಅಲ್ಲಿ ಕಿಸಾಯಿ ಅಂತ ಕೂಫಾ ಪಂಥದ ಹಿರಿಯ ಪಂಡಿತ, ಖಲೀಫ ಹಾರೂನ್ ರಶೀದನ ಮಕ್ಕಳಿಗೆ ಪಾಠ ಹೇಳುವಾತ. ಮಂತ್ರಿ ಯಹ್ಯಾ ಬರ್ಮಕಿಯ ಎದುರು ಇಬ್ಬರಿಗೂ ವಾದ ಏರ್ಪಾಡಾಯಿತು. ಕಿಸಾಯಿ ಒಂದು ವಾಕ್ಯ ಕೊಟ್ಟ. "ಚೇಳಿನ ಕುಟುಕು ಕಣಜದ ಕುಟುಕಿಗಿಂತ ಜೋರು ಅಂದುಕೊಂಡಿದ್ದೆ, ನೋಡಿದರೆ ಅದೂ ಇದೇ" ಅನ್ನುವಂಥದ್ದು. ಕೊನೆಯ ಸರ್ವನಾಮ ಪ್ರಥಮಾ ವಿಭಕ್ತಿಯಲ್ಲಿ ಇರಬೇಕೋ, ದ್ವಿತೀಯಾ ಆದರೂ ನಡೆಯುತ್ತೋ? ಪ್ರಥಮಾ ಮಾತ್ರ ಸರಿ ಅಂದ ಸೀಬವೈಹಿ. ಎರಡೂ ನಡೆಯುತ್ತೆ ಅಂದ ಕಿಸಾಯಿ. ತೀರ್ಪು ಹೇಳೋರು ಯಾರು? ಬಾಗಿಲ ಹೊರಗೆ ಮರುಭೂಮಿಯ ಬದುಇನ್ ಜನ ನಿಂತಿದ್ದರು. ಅವರನ್ನು ಕರೆಸಿ ಕೇಳಿದರು. ಅವರು ಕಿಸಾಯಿ ಹೇಳಿದ್ದೇ ಖರೆ ಅಂದರು. ಸೋತ ಸೀಬವೈಹಿ ಬಸ್ರಾಕ್ಕೆ ಮುಖ ತೋರಿಸದೆ ಪರ್ಶಿಯಾದ ಕಡೆ ಹೋಗಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆ ಸಾಕ್ಷಿಗಳಿಗೆ ಮೊದಲೇ ಹೇಳಿಕೊಡಲಾಗಿತ್ತು ಅಂತ ಬಸ್ರಾದವರು ಇವತ್ತಿಗೂ ದೂರುತ್ತಾರೆ.

ಒಳ್ಳೇ ಕಥೆ ಅಲ್ವಾ? ಹೀರೋ, ವಿಲನ್, ದರ್ಬಾರು, ಲಂಚ, ದುರಂತ ಎಲ್ಲ ಇದೆ. ನಾನೂ ಬೆಂಗಳೂರಿಗೆ ವಾಪಸ್ ಬಂದು ಟೀಮಿನ ಊಟದ ಟೇಬಲ್ಲಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಆದರೆ ಹೇಳಿದಷ್ಟೂ ಸಲ ಒಂದು ಇರುಸುಮುರುಸು. ಈ ಕಥೆಯಲ್ಲಿ ಯಾರೂ ಏನನ್ನೂ ಕಲಿಯೋದಿಲ್ಲ. ಕಿಸಾಯಿ ಕೇಳಿದ ಪ್ರಶ್ನೆ ಪ್ರಶ್ನೆಯೇ ಅಲ್ಲ, ಬೋನು. ಉತ್ತರ ಅವನಿಗೆ ಮೊದಲೇ ಗೊತ್ತಿತ್ತು, ಬೇಕಾಗಿದ್ದದ್ದು ಎದುರಿನವನು ಬೀಳೋದು. ಇಡೀ ಪರಂಪರೆಯಲ್ಲಿ ಅತ್ಯಂತ ಹೆಸರುವಾಸಿಯಾದ ಸಂವಾದ ಇದು, ಮತ್ತು ಅದರಲ್ಲಿ ಸಂವಾದ ಇಲ್ಲ. ನಾವು ಮೆಚ್ಚುತ್ತಾ ಇರೋದು ತಪ್ಪು ದೃಶ್ಯವನ್ನು.

ಸರಿಯಾದ ದೃಶ್ಯ ಬಸ್ರಾದಲ್ಲಿದೆ. ಅಲ್ಲಿ ದರ್ಬಾರಿಲ್ಲ. ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ. ಮೇಷ್ಟ್ರು ಖಲೀಲ್ ಇಬ್ನ್ ಅಹ್ಮದ್. ಅರಬ್ಬಿ ಛಂದಸ್ಸಿಗೆ ವ್ಯವಸ್ಥೆ ಕಟ್ಟಿದವನು, ಅರಬ್ಬಿಯ ಮೊದಲ ದೊಡ್ಡ ನಿಘಂಟಿನ ಯೋಜನೆ ಹಾಕಿದವನು. ವಿದ್ಯಾರ್ಥಿ ಇದೇ ಸೀಬವೈಹಿ. ಇವನ ಮನೆಮಾತು ಅರಬ್ಬಿ ಅಲ್ಲ, ಪರ್ಶಿಯನ್. ಮೊದಲು ಹದೀಸ್ ಕಲಿಯಲು ಬಂದಿದ್ದನಂತೆ. ಪಾಠ ಓದುವಾಗ ಒಂದು ವಿಭಕ್ತಿ ತಪ್ಪಿ, ಗುರು ಎಲ್ಲರ ಎದುರು ತಿದ್ದಿದರಂತೆ. ಇನ್ನು ಯಾರೂ ನನ್ನನ್ನು ತಿದ್ದಬಾರದು, ಅಂಥ ವಿದ್ಯೆ ಕಲೀತೀನಿ ಅಂತ ಹಠ ತೊಟ್ಟು ವ್ಯಾಕರಣಕ್ಕೆ ಬಂದನಂತೆ. ನಾಲ್ಕು ಜನರ ಮುಂದೆ ಉಚ್ಚಾರಣೆ ತಪ್ಪಿ ನಗೆಪಾಟಲಾದ ನಮ್ಮಂಥವರಿಗೆ ಈ ಹಠ ಚೆನ್ನಾಗಿ ಅರ್ಥ ಆಗುತ್ತೆ.

ಅವನು ಬರೆದ ಪುಸ್ತಕಕ್ಕೆ ಶೀರ್ಷಿಕೆಯಿಲ್ಲ, ಮುನ್ನುಡಿಯಿಲ್ಲ. ಜನ ಅದನ್ನು ಬರೀ 'ಅಲ್-ಕಿತಾಬ್' ಅಂದರು, ಅಂದ್ರೆ 'ಪುಸ್ತಕ', ನಮ್ಮ ಕಿತಾಬು. ಅರಬ್ಬಿ ವ್ಯಾಕರಣದ ತಾಯಿಬೇರು ಅದು. ಅದರ ಪುಟಗಳಲ್ಲಿ ನೂರಾರು ಸಲ ಬರುವ ಮಾತು "ನಾನು ಅವರನ್ನು ಕೇಳಿದೆ" ಅನ್ನೋದು. ಹೆಸರು ಹೇಳದೆ ಹೀಗಂದರೆ ಅದು ಖಲೀಲನನ್ನೇ ಕುರಿತದ್ದು ಅಂತ ಆಮೇಲಿನವರು ಗುರುತಿಸಿದ್ದಾರೆ. ಕೇಳಿದೆ, ಅವರು ಹೀಗೆಂದರು, ಹೀಗಾದರೆ ಏನು ಅಂತ ಮತ್ತೆ ಕೇಳಿದೆ. ಗುರುವಿನ ಉತ್ತರವನ್ನು ಮಾತ್ರ ಉಳಿಸಿಕೊಂಡು ತನ್ನ ಪ್ರಶ್ನೆಯನ್ನು ಅಳಿಸಿ ಹಾಕಬಹುದಿತ್ತು. ಎಲ್ಲ ಗೊತ್ತಿದ್ದವನ ಹಾಗೆ ಸೂತ್ರಗಳನ್ನಷ್ಟೇ ಬರೀಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ತನಗೆ ಗೊತ್ತಿಲ್ಲದೇ ಇದ್ದ ಕ್ಷಣವನ್ನೂ ಪುಸ್ತಕದಲ್ಲಿ ಇಟ್ಟ. ಯಾರೂ ನನ್ನನ್ನು ತಿದ್ದಬಾರದು ಅಂತ ಹೊರಟವನು ಕೊನೆಗೆ ಬರೆದದ್ದು ತಾನು ಕೇಳಿ ಕಲಿತದ್ದರ ದಾಖಲೆ. ನನ್ನ ಪ್ರಕಾರ ಆ ಪುಸ್ತಕದ ದೊಡ್ಡತನ ಇಲ್ಲಿದೆ.

ಚೇಳಿನ ಕಥೆಗೂ ಒಂದು ಬಾಲಂಗೋಚಿ ಇದೆ, ಅದನ್ನು ಯಾರೂ ಊಟದ ಟೇಬಲ್ಲಿನಲ್ಲಿ ಹೇಳೋದಿಲ್ಲ. ಸೀಬವೈಹಿ ಸತ್ತ ಮೇಲೆ 'ಕಿತಾಬ್' ಅನ್ನು ಜನಕ್ಕೆ ತಲುಪಿಸಿದವನು ಅವನ ಶಿಷ್ಯ ಅಖ್ಫಶ್, ವಯಸ್ಸಿನಲ್ಲಿ ಗುರುವಿಗಿಂತ ದೊಡ್ಡವನು ಅನ್ನುತ್ತಾರೆ. ವಾದದಲ್ಲಿ ಗೆದ್ದ ಕಿಸಾಯಿ ಇದೇ ಅಖ್ಫಶನ ಹತ್ತಿರ ಗುಟ್ಟಾಗಿ ಕೂತು 'ಕಿತಾಬ್' ಓದಿಸಿಕೊಂಡ ಅಂತಲೂ ಹಳೇ ಚರಿತ್ರೆಕಾರರು ಬರೆದಿದ್ದಾರೆ. ದರ್ಬಾರಿನಲ್ಲಿ ಗೆದ್ದವನು ಮನೆಯಲ್ಲಿ ವಿದ್ಯಾರ್ಥಿಯಾದ. ನನಗೆ ಇಷ್ಟವಾದ ಕಿಸಾಯಿ ಈ ಎರಡನೆಯವನು.

ಇದೆಲ್ಲ ಎಲ್ಲೋ ಬಸ್ರಾ ಬಗ್ದಾದಿನ ಮಾತು, ಕೊಡೇಕಲ್ಲಿಗೂ ಇದಕ್ಕೂ ಏನು ಸಂಬಂಧ ಅನ್ನಬಹುದು ನೀವು. ನಮ್ಮೂರಿಂದ ಹುಣಸಗಿ, ಸುರಪುರ, ಶಹಾಪುರ, ಜೇವರ್ಗಿ ದಾಟಿದರೆ ಕಲಬುರಗಿ. 1424ರಲ್ಲಿ ಆ ಊರಲ್ಲಿ ಒಬ್ಬ ಈಜಿಪ್ಟಿನ ವೈಯಾಕರಣ ತೀರಿಕೊಂಡ. ಹೆಸರು ಬದ್ರುದ್ದೀನ್ ದಮಾಮೀನಿ. ಖ್ವಾಜಾ ಬಂದೇನವಾಜರು ಅದೇ ಊರಲ್ಲಿ ಕಣ್ಮುಚ್ಚಿ ಎರಡು ವರ್ಷ ಆಗಿತ್ತು, ಬಹಮನಿ ಗದ್ದುಗೆ ಮೇಲೆ ಅಹ್ಮದ್ ಶಾ ಇದ್ದ. ದರ್ಗಾಕ್ಕೆ ನಾನು ಎಷ್ಟೋ ಸಲ ಹೋಗಿದ್ದೀನಿ. ದಮಾಮೀನಿಯ ಹೆಸರು ಕೇಳಿದ್ದು ಮಾತ್ರ ಈ ಯುಗಾದಿಗೆ, ಗೆಳೆಯನ ಬಾಯಲ್ಲಿ.

ದಮಾಮೀನಿ ಅಲೆಕ್ಸಾಂಡ್ರಿಯಾದವನು. ಕೈರೋದ ಅಲ್-ಅಜ್ಹರಿನಲ್ಲಿ ವ್ಯಾಕರಣ ಪಾಠ ಹೇಳುತ್ತಿದ್ದ. ಇಬ್ನ್ ಖಲ್ದೂನನ ಒಡನಾಟ ಇತ್ತು. ಪಂಡಿತಿಕೆ ಸಾಲದು ಅಂತ ನೇಯ್ಗೆಯ ಉದ್ಯಮಕ್ಕೆ ಕೈ ಹಾಕಿದ, ಬೆಂಕಿ ಬಿದ್ದು ಎಲ್ಲ ಸುಟ್ಟಿತು, ಸಾಲಗಾರರು ಬೆನ್ನು ಹತ್ತಿದರು. ಒಂದು ಥರದಲ್ಲಿ ಸ್ಟಾರ್ಟಪ್ ಮುಳುಗಿದ ಪ್ರೊಫೆಸರು. ಯೆಮನ್ನಿನ ಜಬೀದ್ ಊರಿಗೆ ಹೋಗಿ ಕೆಲಕಾಲ ಪಾಠ ಹೇಳಿದ. ಅಲ್ಲಿಂದ ಸಮುದ್ರ ದಾಟಿ ಗುಜರಾತ್, ಕೊನೆಗೆ ಕಲಬುರಗಿ.

ಹಿಂದೂಸ್ತಾನದಲ್ಲಿದ್ದಾಗ ಅವನು ಬರೆದ ಒಂದು ವ್ಯಾಖ್ಯಾನದ ಹೆಸರು 'ತುಹ್ಫತುಲ್ ಗರೀಬ್'. 'ಗರೀಬ' ಅಂದ್ರೆ ನಮ್ಮ ಕಡೆ ಬಡವ. ಅರಬ್ಬಿಯಲ್ಲಿ ಪರದೇಶಿ, ಅಪರಿಚಿತ. ಪರದೇಶಿಯ ಕಾಣಿಕೆ ಅಂತ ಪುಸ್ತಕದ ಹೆಸರು. ಸಾಲದಲ್ಲಿ ಮುಳುಗಿ ದೇಶ ಬಿಟ್ಟವನಿಗೆ ಎರಡೂ ಅರ್ಥ ಒಪ್ಪುತ್ತೆ. ಕೆಲಸಕ್ಕೆ ಅಂತ ಊರು ಬಿಟ್ಟ ನಾವೆಲ್ಲ ಒಂದಲ್ಲ ಒಂದು ಅರ್ಥದಲ್ಲಿ ಗರೀಬರೇ.

ಇದು ಇಬ್ನ್ ಹಿಶಾಮ್ ಅನ್ನೋ ಕೈರೋದ ದೊಡ್ಡ ವೈಯಾಕರಣನ 'ಮುಗ್ನಿ' ಗ್ರಂಥಕ್ಕೆ ಬರೆದ ವ್ಯಾಖ್ಯಾನ. ದಮಾಮೀನಿ ಹುಟ್ಟುವ ಹೊತ್ತಿಗೆ ಇಬ್ನ್ ಹಿಶಾಮ್ ಸತ್ತಿದ್ದ. ಆದರೂ ಎದುರಿಗೆ ಕೂತ ಗುರುವನ್ನು ಕೇಳುವ ಹಾಗೆ ಹೆಜ್ಜೆ ಹೆಜ್ಜೆಗೂ ಆಕ್ಷೇಪ ಎತ್ತಿದ. ದಮಾಮೀನಿ ಸತ್ತ ಮೇಲೆ ಕೈರೋದಲ್ಲಿ ಶುಮುನ್ನಿ ಅನ್ನೋ ಇನ್ನೊಬ್ಬ, ಇವನೂ ಅಲೆಕ್ಸಾಂಡ್ರಿಯಾದಲ್ಲೇ ಹುಟ್ಟಿದವನು, ಇಬ್ನ್ ಹಿಶಾಮನ ಪರವಾಗಿ ಆ ಆಕ್ಷೇಪಗಳಿಗೆ ಉತ್ತರ ಬರೆದ. ಮುಂದೆ ಕೈರೋದಲ್ಲಿ ಅಚ್ಚು ಹಾಕುವಾಗ ಶುಮುನ್ನಿಯ ಉತ್ತರವನ್ನು ಪುಟದಲ್ಲೂ, ದಮಾಮೀನಿಯ ವ್ಯಾಖ್ಯಾನವನ್ನು ಅದರ ಅಂಚಿನಲ್ಲೂ ಇಟ್ಟರು. ಮೂರು ತಲೆಮಾರು, ಎರಡು ಖಂಡ, ಒಂದೇ ಪುಟ. ಯಾರೂ ಯಾರನ್ನೂ ಊರು ಬಿಡಿಸಲಿಲ್ಲ. ಉತ್ತರ ಕೊಟ್ಟಾದ ಮೇಲೂ ಆಕ್ಷೇಪವನ್ನು ಅಳಿಸಲಿಲ್ಲ.

ಆ 'ಮುಗ್ನಿ' ಶುರುವಾಗೋದು ಎಲ್ಲಿಂದ ಅಂತ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಮೊದಲ ಅಧ್ಯಾಯದಲ್ಲಿ ಅಲಿಫ್, ಅಂದ್ರೆ ಬಿಡಿ 'ಅ'ಕಾರ. ಅದಕ್ಕೆ ಎರಡು ಕೆಲಸ. ಒಂದು, ಹತ್ತಿರ ಇರುವವರನ್ನು ಕರೆಯೋದು. ಇನ್ನೊಂದು, ಪ್ರಶ್ನೆ ಕೇಳೋದು. ನಮ್ಮಲ್ಲೂ ಹಾಗೇ ಅಲ್ವಾ? "ಯವ್ವಾ" ಅಂತ ಕರೆಯೋದಕ್ಕೂ "ಹೌದಾ?" ಅಂತ ಕೇಳೋದಕ್ಕೂ ಒಂದೇ 'ಆ'. ಅವರದ್ದು ಮಾತಿನ ತಲೆಯಲ್ಲಿ ಬರುತ್ತೆ, ನಮ್ಮದು ಬಾಲದಲ್ಲಿ, ಅಷ್ಟೇ. ಎರಡೂ ಭಾಷೆಯಲ್ಲಿ ಕೇಳುವ ದನಿಯೂ ಕರೆಯುವ ದನಿಯೂ ಒಂದೇ.

ಹಾಗಂತ ಈ ಪರಂಪರೆಯನ್ನು ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳೋಕೆ ನಾನು ತಯಾರಿಲ್ಲ. ಎರಡು ತಕರಾರು ಇವೆ, ಕನ್ನಡದ ಅರ್ಥದಲ್ಲಿ.

ಮೊದಲನೆಯದು ಆ ಬದುಇನ್ ಜನರ ಬಗ್ಗೆ. ಹಳ್ಳಿಗಾಡಿನ, ಓದು ಬರಹ ಇಲ್ಲದವನ ಮಾತೇ ಭಾಷೆಗೆ ಪ್ರಮಾಣ ಅಂದದ್ದು ಸಣ್ಣ ವಿಷಯ ಅಲ್ಲ. ನಮ್ಮ ಕೇಶಿರಾಜ ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಪ್ರಯೋಗಗಳಿಗೆ ಹೋದದ್ದು ಕವಿಗಳ ಹತ್ತಿರ, ಸಗರನಾಡಿನ ಒಕ್ಕಲಿಗನ ಹತ್ತಿರ ಅಲ್ಲ. ಆದರೆ ಬಗ್ದಾದಿನಲ್ಲಿ ಆ ಜನ ನಿಂತದ್ದು ಬಾಗಿಲ ಹೊರಗೆ. ಒಳಗೆ ಕರೆದರು, ಒಂದು ಮಾತು ಆಡಿಸಿದರು, ಕಳಿಸಿದರು. ಭಾಷೆ ಅವರದ್ದು, ಪ್ರಶ್ನೆ ಕೇಳುವ ಹಕ್ಕು ಮಾತ್ರ ಬೇರೆಯವರದ್ದು.

ಎರಡನೆಯದು ಒಬ್ಬ ಮಗಳ ಬಗ್ಗೆ. ಅರಬ್ಬಿ ವ್ಯಾಕರಣ ಹುಟ್ಟಿದ್ದೇ ಹೀಗೆ ಅಂತ ಒಂದು ಐತಿಹ್ಯ ಇದೆ. ಏಳನೇ ಶತಮಾನದ ಅಬುಲ್ ಅಸ್ವದ್ ಅನ್ನೋ ವಿದ್ವಾಂಸನ ಮಗಳು ಆಕಾಶ ನೋಡಿ "ಎಷ್ಟು ಚಂದ ಈ ಆಕಾಶ!" ಅನ್ನಲು ಹೋಗಿ, ಸ್ವರ ತಪ್ಪಿ "ಆಕಾಶದಲ್ಲಿ ಯಾವುದು ಚಂದ?" ಅಂದಳಂತೆ. ಅಪ್ಪ "ನಕ್ಷತ್ರಗಳು" ಅಂದ. "ನಾನು ಕೇಳಲಿಲ್ಲ ಅಪ್ಪಾ, ಬೆರಗಾದೆ" ಅಂದಳು ಮಗಳು. ಹಾಗಾದರೆ ಹೀಗನ್ನಬೇಕು ಅಂತ ಅಪ್ಪ ತಿದ್ದಿದ, ಅಲ್ಲಿಂದ ನಿಯಮಗಳನ್ನು ಕಟ್ಟಲು ಕೂತ ಅಂತ ಕಥೆ. ಒಬ್ಬ ಹುಡುಗಿಯ ಬೆರಗಿನಿಂದ ಶುರುವಾದ ವಿದ್ಯೆಯಲ್ಲಿ ಆಮೇಲೆ ಕೇಳುವವರೆಲ್ಲ ಗಂಡಸರೇ. ಉದಾಹರಣೆ ವಾಕ್ಯದಲ್ಲೂ ಸಾವಿರ ವರ್ಷದಿಂದ ಜೈದ್ ಅನ್ನೋನು ಅಮ್ರ್ ಅನ್ನೋನನ್ನ ಹೊಡೀತಾನೇ ಇದ್ದಾನೆ.

ನಮ್ಮ ಶಾಲೆಯಲ್ಲಿ ಜೈದನ ಜಾಗದಲ್ಲಿ ರಾಮ ಇದ್ದ. "ರಾಮನು ಮರವನ್ನು ಕಡಿದನು". ಐದನೇ ಕ್ಲಾಸಿನಲ್ಲಿ ನಾನು ಎದ್ದು ನಿಂತು ಕೇಳಿದ್ದೆ, "ಸರ್ರ, ನಮ್ಮ ಮನ್ಯಾಗ 'ರಾಮ ಮರ ಕಡದ' ಅಂತಾರ್ರಿ. 'ಅನ್ನು' ಇಲ್ಲಂದ್ರೂ ತಿಳೀತದಲ್ರಿ?" ನಿಮ್ಮ ಮನಿ ಭಾಷಾ ಮನ್ಯಾಗ ಇಟ್ಟು ಬಾ ಅಂತ ಉತ್ತರ ಬಂತು. ಇಡೀ ಕ್ಲಾಸು ನಕ್ಕಿತು. ನನ್ನ ಪಕ್ಕ ಕೂತಿದ್ದ ಗೆಳೆಯನೂ ನಕ್ಕಿದ್ದ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಆಡುಗನ್ನಡದಲ್ಲಿ ನಿರ್ಜೀವ ವಸ್ತು ಕರ್ಮ ಆದಾಗ ದ್ವಿತೀಯಾ ಪ್ರತ್ಯಯ ಬಿಡಬಹುದು, ಮನುಷ್ಯರಾದರೆ ಸಾಮಾನ್ಯವಾಗಿ ಬಿಡೋಕಾಗಲ್ಲ. 'ಮರ ಕಡಿದ' ನಡೆಯುತ್ತೆ, 'ಭೀಮ ಹೊಡೆದ' ಅಂದ್ರೆ ಹೊಡೆದವನೇ ಭೀಮ ಆಗಿಬಿಡ್ತಾನೆ. ಭಾಷಾವಿಜ್ಞಾನಿಗಳು ಇದರ ಮೇಲೆ ಗಂಭೀರವಾಗಿ ಕೆಲಸ ಮಾಡಿದ್ದಾರೆ. ಬಗ್ದಾದಿನಲ್ಲಿ ಸೀಬವೈಹಿ ಸೋತದ್ದೂ ದ್ವಿತೀಯಾ ಬರಬೇಕೋ ಬೇಡವೋ ಅನ್ನೋದರ ಮೇಲೇ. ನನ್ನ ಪ್ರಶ್ನೆ ಅಷ್ಟೇನೂ ದಡ್ಡತನದ್ದಾಗಿರಲಿಲ್ಲ.

ಈ ಕಥೆಯಲ್ಲಿ ನಾನು ಬಲಿಪಶು ಅಂತ ಹೇಳಿ ಮುಗಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಹೋದ ವರ್ಷ ನನ್ನ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಿವ್ಯೂನಲ್ಲಿ ಕೇಳಿದ್ದಳು, "ಇಲ್ಲಿ ಮೂರು ಸಲ ರೀಟ್ರೈ ಯಾಕೆ? ಮೊದಲನೇದು ನಿಧಾನವಾಗಿ ಸಕ್ಸೆಸ್ ಆಗಿದ್ರೆ?" ನಾನು ಬರೆದ ಉತ್ತರ, "ಮೊದಲಿಂದ ಹಾಗೇ ಇದೆ. ಟಚ್ ಮಾಡ್ಬೇಡಿ." ಬರೆದು, ಕಾಮೆಂಟನ್ನು 'ರಿಸಾಲ್ವ್ಡ್' ಅಂತ ಮುಚ್ಚಿದೆ. ಆಮೇಲೆ ಅವಳ ಕಾಮೆಂಟುಗಳೆಲ್ಲ "ಲುಕ್ಸ್ ಗುಡ್" ಅನ್ನೋದಕ್ಕೆ ಇಳಿದವು. ಒಳ್ಳೇ ಹುಡುಗಿ, ಬೇಗ ಹೊಂದಿಕೊಂಡಳು ಅಂದುಕೊಂಡೆ. ಎರಡು ತಿಂಗಳಿಗೆ ಒಂದು ರಾತ್ರಿ ಒಂದಷ್ಟು ಗ್ರಾಹಕರಿಗೆ ಒಂದೇ ಬಿಲ್ಲು ಎರಡೆರಡು ಸಲ ಹೋಯಿತು. ಮರುದಿನ ಮೀಟಿಂಗಿನಲ್ಲಿ "ಇದನ್ನ ಯಾರೂ ಮೊದಲೇ ಯಾಕೆ ನೋಡಲಿಲ್ಲ?" ಅಂತ ಜೋರು ಮಾಡಿದವನು ನಾನೇ. ಅವಳು ಸುಮ್ಮನೆ ಟೇಬಲ್ ನೋಡ್ತಾ ಕೂತಿದ್ದಳು.

ಹಳೇ ಕಾಮೆಂಟು ನನ್ನ ಕಣ್ಣಿಗೆ ಬಿದ್ದದ್ದು ಅವತ್ತು ಸಂಜೆ. ಕಥೆಯಲ್ಲಿ ನನ್ನ ಪಾತ್ರ ಯಾವುದು ಅಂತ ಗೊತ್ತಾಯಿತು, ಅದು ಸೀಬವೈಹಿಯದ್ದಂತೂ ಅಲ್ಲ. ಆದರೂ ಏನೂ ಮಾಡಲಿಲ್ಲ. ಸುಮ್ಮನಿದ್ದುಬಿಟ್ಟೆ.

ಜವಾಬು ಅಂದ್ರೆ ಉತ್ತರ. ಅದಕ್ಕೆ ಪರ್ಶಿಯನ್ನಿನ 'ದಾರ್' ಸೇರಿ ನಮ್ಮಲ್ಲಿ ಜವಾಬ್ದಾರ ಆಗಿದೆ, ಜವಾಬ್ದಾರಿ ಆಗಿದೆ. ಉತ್ತರ ಕೊಡಬೇಕಾದವನು ಅಂತ. ನಮ್ಮ ಭಾಷೆಗೆ ಬಂದು ಇದೊಂದು ಶಬ್ದ ಕೆಟ್ಟಿಲ್ಲ.

ಊರಿಂದ ವಾಪಸ್ ಬಂದ ವಾರ ಆ ಕಾಮೆಂಟನ್ನು ಮತ್ತೆ ತೆರೆದೆ. ಕೋಡು ಯಾವತ್ತೋ ಸರಿಯಾಗಿತ್ತು, ಈಗ ಅದಕ್ಕೆ ಅರ್ಥವಿಲ್ಲ. ಆದರೂ ಕೆಳಗೆ ಬರೆದೆ. "ಮೂರು ಸಲ ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ನೀವು ಕೇಳಿದ್ದು ಸರಿ ಇತ್ತು." ಅಳಿಸಲಿಲ್ಲ, ಮುಚ್ಚಲಿಲ್ಲ. ಅವಳಿಂದ ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಬೇರೊಂದು ಫೈಲಿನ ಪಕ್ಕ ಅವಳ ಕಾಮೆಂಟು ಕಾಣಿಸಿತು.

"ಸರ್, ಇದು ಯಾಕೆ ಹೀಗೆ?"

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. "ಹಂಗಾದ್ರ ನಿಮ್ಮಲ್ಲೂ ತಕರಾರ್ ಶುರು ಆತು ಅನ್ನು" ಅಂದ.